ಕಡತದ ಯಾವ ಬದಿಗೆ ಕೂರುತ್ತೀರಿ? ರಾಜ್ಯದ ಆರೋಗ್ಯ ನೀತಿಯಲ್ಲಿ ಕೆಲಸ ಹುಡುಕುವವರಿಗೊಂದು ಹೋಲಿಕೆ

ಬಿಡಿಎಸ್ ಮುಗಿಸಿ ಹಲ್ಲು ಕೀಳುವ ಮನಸ್ಸಿಲ್ಲದವರು, ಎಂಎಸ್‌ಡಬ್ಲ್ಯು ಓದಿ ಯಾವುದೋ ಯೋಜನೆಯ ಕ್ಷೇತ್ರ ಸಂಯೋಜಕರಾಗಿ ಅಲೆದು ಸುಸ್ತಾದವರು, ಎಲ್‌ಎಲ್‌ಬಿ ಪಡೆದೂ ಕೋರ್ಟಿನ ವಾಯಿದೆಗಳಿಗೆ ತಾಳ್ಮೆ ಸಾಲದವರು, ಪತ್ರಿಕೆಯಲ್ಲಿ ಆರೋಗ್ಯ ಇಲಾಖೆಯ ಸುದ್ದಿ ಬರೆದು ಬರೆದು ಬೇಸತ್ತವರು. ಹೀಗೆ ನಾಲ್ಕು ದಿಕ್ಕಿನಿಂದ ಬಂದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ರಾಜ್ಯ ಸರ್ಕಾರದ ಆರೋಗ್ಯ ನೀತಿಯ ಸುತ್ತ ಕೆಲಸ ಮಾಡಿ ಜೀವನ ಸಾಗಿಸಲು ಆಗುತ್ತದೆಯೇ? ಆಗುವುದಾದರೆ ಯಾವ ಬಾಗಿಲಿನಿಂದ ಒಳಹೋಗಬೇಕು?

ಆಗುತ್ತದೆ. ಬಾಗಿಲುಗಳೂ ನಾಲ್ಕೈದಿವೆ. ಸಂಬಳದ ಅಂಕಿ ನೋಡಿ ಬಾಗಿಲು ಆರಿಸಿಕೊಂಡವರು ಮಾತ್ರ ಎರಡು ವರ್ಷ ಕಳೆಯುವುದರೊಳಗೆ ಗೊಣಗಲು ಶುರು ಮಾಡುತ್ತಾರೆ. ಸಂಬಳಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಸರ್ಕಾರದ ಕಡತ ಮೇಜಿನ ಮೇಲಿದೆ ಎಂದುಕೊಳ್ಳಿ, ನೀವು ಅದರ ಯಾವ ಬದಿಯಲ್ಲಿ ಕೂರಲು ಬಯಸುತ್ತೀರಿ? ಬರೆಯುವವರಾಗಿಯೋ, ಸಹಿ ಮಾಡುವವರಾಗಿಯೋ, ‘ಈ ಷರತ್ತನ್ನು ಬಿಡಿ’ ಎಂದು ಎದುರು ಕುರ್ಚಿಯಲ್ಲಿ ಕೂತು ಕೇಳುವವರಾಗಿಯೋ, ‘ಈ ಷರತ್ತನ್ನು ಬಿಟ್ಟರೆ ನೋಡಿ’ ಎಂದು ಫ್ರೀಡಂ ಪಾರ್ಕಿನಲ್ಲಿ ನಿಂತು ಕೂಗುವವರಾಗಿಯೋ?

ದೆಹಲಿ ಬಿಟ್ಟು ಬೆಂಗಳೂರೇ ಏಕೆ ಎಂದರೆ, ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಆರನೆಯ ನಮೂದು ನೋಡಿ: ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು, ಔಷಧಾಲಯಗಳು. ಆಸ್ಪತ್ರೆಯ ನೋಂದಣಿ, ದರಪಟ್ಟಿ, ರೋಗಿಯ ದೂರು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯರ ನೇಮಕ ಎಲ್ಲವೂ ರಾಜ್ಯದ ಪಾಲಿಗೆ ಬರುತ್ತವೆ. ಔಷಧ, ವೈದ್ಯಕೀಯ ಶಿಕ್ಷಣದಂತಹವು ಸಮವರ್ತಿ ಪಟ್ಟಿಯಲ್ಲಿವೆ. ಹಣದ ಹಗ್ಗ ದೆಹಲಿಯ ಕೈಯಲ್ಲೂ ಇದೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚವನ್ನು ಕೇಂದ್ರ ಮತ್ತು ಕರ್ನಾಟಕ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಆದರೂ ಒಬ್ಬ ಬಾಣಂತಿಗೆ ಸಿಗುವ ಚಿಕಿತ್ಸೆಯ ಗುಣಮಟ್ಟ ಬಹುಪಾಲು ಮಾಗಡಿ ರಸ್ತೆಯ ಆರೋಗ್ಯ ಸೌಧ ಮತ್ತು ವಿಧಾನಸೌಧದ ನಡುವೆ ಓಡಾಡುವ ಕಡತಗಳ ಮೇಲೆ ನಿಂತಿದೆ.

ಆದೇಶದ ಒಂದು ಹಾಳೆ

ನೀತಿ ಎಂದರೆ ದಪ್ಪ ದಸ್ತಾವೇಜು ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ನಿಜದಲ್ಲಿ ಅದು ಬಹುಮಟ್ಟಿಗೆ ಎರಡು ಮೂರು ಪುಟದ ಸರ್ಕಾರಿ ಆದೇಶ. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಯಾವುದಾದರೂ ಒಂದು ಆದೇಶವನ್ನು ಎದುರಿಗಿಟ್ಟುಕೊಳ್ಳಿ. ಮೇಲೆ ವಿಷಯ. ಅದರ ಕೆಳಗೆ ‘ಓದಲಾಗಿದೆ’ ಎಂಬ ತಲೆಬರಹದಡಿ ಹಿಂದಿನ ಆದೇಶಗಳು, ಆಯುಕ್ತರ ಪತ್ರಗಳು. ನಂತರ ‘ಪ್ರಸ್ತಾವನೆ’, ಏಕೆ ಈ ಆದೇಶ ಬೇಕಾಯಿತು ಎಂಬ ಕಥೆ. ಆಮೇಲೆ ‘ಆಕುಕ’ (ಇಲಾಖೆಯ ಹೆಸರಿನ ಹ್ರಸ್ವರೂಪ) ಎಂದು ಆರಂಭವಾಗುವ ಆದೇಶ ಸಂಖ್ಯೆ, ದಿನಾಂಕ, ಷರತ್ತುಗಳು. ವೆಚ್ಚದ ಮಾತಿದ್ದರೆ, ಆರ್ಥಿಕ ಇಲಾಖೆ ಇಂಥ ಟಿಪ್ಪಣಿಯಲ್ಲಿ ನೀಡಿದ ಸಹಮತಿಯ ಮೇರೆಗೆ ಹೊರಡಿಸಲಾಗಿದೆ ಎಂಬ ಒಂದು ಸಾಲು. ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಅಧೀನ ಕಾರ್ಯದರ್ಶಿಯ ಸಹಿ.

ನಾನು ಮುಂದೆ ಹೇಳುವ ನೌಕರಿಗಳೆಲ್ಲ ಈ ಹಾಳೆಯ ಒಂದಲ್ಲ ಒಂದು ಭಾಗಕ್ಕೆ ಸೇರಿದವು. ಸಂಶೋಧಕರು ಪ್ರಸ್ತಾವನೆಗೆ ಅಂಕಿಅಂಶ ಒದಗಿಸುತ್ತಾರೆ. ಗುತ್ತಿಗೆಯ ಸಮಾಲೋಚಕರು ಕರಡು ಬರೆಯುತ್ತಾರೆ. ಖಾಯಂ ನೌಕರರು ಟಿಪ್ಪಣಿ ಹಾಕಿ ಮೇಲಕ್ಕೆ ಕಳಿಸುತ್ತಾರೆ. ಕಂಪನಿಯ ಪರವಾಗಿ ಬಂದವರ ಕಣ್ಣು ಷರತ್ತುಗಳ ಮೇಲಿರುತ್ತದೆ. ಆರ್ಥಿಕ ಇಲಾಖೆಯ ಆ ಒಂದು ಸಾಲಿಲ್ಲದಿದ್ದರೆ ಇವರೆಲ್ಲರ ಶ್ರಮವೂ ಕಡತದಲ್ಲೇ ಮಲಗಿರುತ್ತದೆ. ಈ ಕೆಲಸಕ್ಕೆ ಬರುವ ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಆರೋಗ್ಯ ಇಲಾಖೆಯನ್ನು ಅರ್ಥ ಮಾಡಿಕೊಳ್ಳಲು ಹೆಣಗುತ್ತಾರೆ, ಆರ್ಥಿಕ ಇಲಾಖೆಯ ಕಡೆ ತಿರುಗಿಯೂ ನೋಡುವುದಿಲ್ಲ.

2017ರ ನವೆಂಬರ್

ನಾಲ್ಕೂ ಬದಿಯವರನ್ನು ಒಂದೇ ಚೌಕಟ್ಟಿನಲ್ಲಿ ನೋಡಬೇಕೆಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಗಿಂತ ಒಳ್ಳೆಯ ಉದಾಹರಣೆ ಸಿಗದು. ಎಲ್ಲರೂ ಕೆಪಿಎಂಇ ಎನ್ನುವ ಈ ಕಾಯ್ದೆ ಬಂದದ್ದು 2007ರಲ್ಲಿ. ಅದಕ್ಕೆ ಹಲ್ಲಿಲ್ಲ ಎಂಬ ದೂರು ಹಳೆಯದು. ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೆನ್ ಅಧ್ಯಕ್ಷತೆಯ ಸಮಿತಿ ತಿದ್ದುಪಡಿಯ ಕುರಿತು ಶಿಫಾರಸು ನೀಡಿತು. ಆಗ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ 2017ರಲ್ಲಿ ಮಸೂದೆ ತಂದರು. ಚಿಕಿತ್ಸೆಯ ದರಕ್ಕೆ ಮಿತಿ, ಜಿಲ್ಲಾ ಮಟ್ಟದಲ್ಲಿ ದೂರು ಪರಿಹಾರ ಸಮಿತಿ, ತಪ್ಪು ಮಾಡಿದರೆ ಜೈಲು ಎಲ್ಲವೂ ಅದರಲ್ಲಿದ್ದವು. ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂಡುವ ಹೊತ್ತಿಗೆ ಖಾಸಗಿ ವೈದ್ಯರು ರಾಜ್ಯದಾದ್ಯಂತ ಹೊರರೋಗಿ ಸೇವೆ ನಿಲ್ಲಿಸಿ ಬೆಳಗಾವಿಗೆ ನಡೆದರು. ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯ ಅಡಿ ತನ್ನಿ ಎಂಬುದು ಅವರ ಎದುರು ಪಟ್ಟು. ಅತ್ತ ಜನಾರೋಗ್ಯ ಚಳವಳಿಯವರು ಮಸೂದೆಯನ್ನು ನೀರು ಮಾಡಬೇಡಿ ಎಂದು ಹಟ ಹಿಡಿದಿದ್ದರು. ಕೊನೆಗೆ ಮುಖ್ಯಮಂತ್ರಿಗಳ ಮಟ್ಟದಲ್ಲಿ ಮಾತುಕತೆ ನಡೆದು, ಜೈಲಿನ ಅಂಶ ಬಹುಪಾಲು ಕಳಚಿ, ಮಸೂದೆ ಅದೇ ತಿಂಗಳು ಅಂಗೀಕಾರವಾಯಿತು. ರೋಗಿಯ ಹಕ್ಕುಗಳ ಸನ್ನದು ಉಳಿಯಿತು. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆದಿಟ್ಟುಕೊಳ್ಳುವಂತಿಲ್ಲ ಎಂಬುದೂ ಉಳಿಯಿತು.

ಯಾರು ಗೆದ್ದರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೌಕರಿ ಹುಡುಕುವವರು ಗಮನಿಸಬೇಕಾದದ್ದು ಬೇರೆ. ಬೀದಿಗೆ ಇಳಿದವರ ಹೆಸರು ಪತ್ರಿಕೆಗಳಲ್ಲಿ ಬಂತು. ಯಾವ ಉಪಕಲಂನಿಂದ ಯಾವ ಪದ ಬಿಟ್ಟುಹೋಗಬೇಕು ಎಂದು ರಾತ್ರಿ ಕೂತು ಬರೆದವರ ಹೆಸರು ಎಲ್ಲೂ ಬರಲಿಲ್ಲ. ಈ ವೃತ್ತಿಯಲ್ಲಿ ಎರಡನೆಯ ಗುಂಪಿನವರಿಗೇ ಬೇಡಿಕೆ ಹೆಚ್ಚು. ಹೆಸರು ಬೇಕೆನ್ನುವವರು ಈ ಹೋಲಿಕೆಯನ್ನು ಇಲ್ಲಿಗೇ ಬಿಟ್ಟು ರಾಜಕೀಯಕ್ಕೋ ಪತ್ರಿಕೋದ್ಯಮಕ್ಕೋ ಹೋಗುವುದು ಲೇಸು.

ಖಾಯಂ ಸರ್ಕಾರಿ ನೌಕರಿ

ಮನೆಯವರ ಮೊದಲ ಆಯ್ಕೆ ಇದೇ ಆಗಿರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಆದರೆ 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ವಂತಿಗೆ ಆಧಾರಿತ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಎಂಬುದನ್ನು ಮರೆಯಬೇಡಿ.

ನಿಜವಾದ ತೊಡಕು ಸಮಯ. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳಿಗೆ 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗದಿಂದ, ಅಂದರೆ ಕೆಪಿಎಸ್‌ಸಿಯಿಂದ, ಅಧಿಸೂಚನೆ ಬಂತು. ಆಗಸ್ಟ್‌ನಲ್ಲಿ ಪೂರ್ವಭಾವಿ ಪರೀಕ್ಷೆಯೂ ನಡೆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕನ್ನಡಿಗರಿಗೇ ಅರ್ಥವಾಗದಂತಿದ್ದ ಕಾರಣ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಕೆಪಿಎಸ್‌ಸಿಯನ್ನೇ ನಂಬಿ ಬೇರೆ ಏನೂ ಮಾಡದೆ ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳ ಸುತ್ತ ಇಪ್ಪತ್ತರ ಹರೆಯವನ್ನೆಲ್ಲ ಕಳೆಯುವುದು ನನ್ನ ಮಟ್ಟಿಗೆ ದುಬಾರಿ ಜೂಜು.

ಇನ್ನೊಂದು ಮಾತು. ಕೆಎಎಸ್ ಪಾಸಾದರೆ ಆರೋಗ್ಯ ನೀತಿ ಮಾಡಬಹುದು ಎಂದುಕೊಂಡವರು ತಹಶೀಲ್ದಾರರಾಗಿ ಪಹಣಿ ತಿದ್ದುಪಡಿಯಲ್ಲೇ ವರ್ಷಗಟ್ಟಲೆ ಕಳೆಯಬಹುದು. ಇಲಾಖೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅಲ್ಲಿ ಕಡಿಮೆ. ಎಂಬಿಬಿಎಸ್ ಮಾಡಿದವರಿಗೆ ದಾರಿ ನೇರ: ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಮುಂದೆ ನಿರ್ದೇಶನಾಲಯ. ನಿಧಾನವಾದರೂ ಇಲಾಖೆ ಕೈಬಿಟ್ಟುಹೋಗುವುದಿಲ್ಲ. ಹೆಚ್ಚಿನವರು ಕಡೆಗಣಿಸುವ ಹುದ್ದೆ ಸಚಿವಾಲಯದ ಸಹಾಯಕರದು. ಆರೋಗ್ಯ ಇಲಾಖೆಯ ಶಾಖೆಯಲ್ಲಿ ಕೂತ ಸಹಾಯಕ ಹಾಕುವ ಮೊದಲ ಟಿಪ್ಪಣಿಯ ಮೇಲೆಯೇ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಎಲ್ಲರೂ ತಮ್ಮ ಅಭಿಪ್ರಾಯ ಕಟ್ಟುತ್ತಾರೆ. ಕಡತ ಯಾವ ದಿಕ್ಕಿಗೆ ಹೊರಳುತ್ತದೆ ಎಂಬುದು ಅರ್ಧಕ್ಕರ್ಧ ಅಲ್ಲೇ ತೀರ್ಮಾನವಾಗಿರುತ್ತದೆ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸಂವಿಧಾನದ 371ಜೆ ವಿಧಿಯ ಅಡಿ ಮೀಸಲಾತಿ ಇರುವುದರಿಂದ ಅವರ ಲೆಕ್ಕಾಚಾರ ಬೇರೆ. ಕಲಬುರಗಿ, ರಾಯಚೂರಿನ ಓದುಗರು ಈ ಬಾಗಿಲನ್ನು ಮೊದಲು ತಟ್ಟಿ ನೋಡಲಿ.

ಗುತ್ತಿಗೆಯವರು

ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕರು, ಸರ್ಕಾರದ ಉಚಿತ ಚಿಕಿತ್ಸಾ ಯೋಜನೆಗಳನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಸಮಾಲೋಚಕರು, ಇಲಾಖೆಗೆ ತಾಂತ್ರಿಕ ನೆರವು ನೀಡುವ ಕೆಎಚ್‌ಪಿಟಿಯಂತಹ (ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್) ಸಂಸ್ಥೆಗಳಿಂದ ಬಂದು ಆರೋಗ್ಯ ಸೌಧದಲ್ಲೇ ಕೂತವರು. ಇವರಿಗೆ ಸಹಿ ಮಾಡುವ ಅಧಿಕಾರವಿಲ್ಲ, ಬಡ್ತಿಯಿಲ್ಲ, ಗುತ್ತಿಗೆ ವರ್ಷ ವರ್ಷ ನವೀಕರಣವಾಗಬೇಕು. ಖಾಯಂ ಮಾಡಿ ಎಂದು ಅಭಿಯಾನದ ನೌಕರರು ಮುಷ್ಕರ ಹೂಡಿದ್ದು ಒಂದೆರಡು ಸಲವಲ್ಲ. ಮದುವೆಯ ಮಾತುಕತೆಯಲ್ಲಿ ‘ಸರ್ಕಾರಿ ಕೆಲಸವಾ?’ ಎಂದು ಕೇಳಿದರೆ ಹೌದೆನ್ನಲೂ ಇಲ್ಲವೆನ್ನಲೂ ಬಾರದ ಸ್ಥಿತಿ.

ಹಾಗಿದ್ದೂ, ಇಪ್ಪತ್ತೈದರ ಆಸುಪಾಸಿನವರು ಯಾರೇ ಕೇಳಿದರೂ ನಾನು ಮೊದಲು ತೋರಿಸುವುದು ಇದೇ ಬಾಗಿಲನ್ನು. ಬೆಂಗಳೂರಿನ ಹುದ್ದೆಯಲ್ಲ, ಜಿಲ್ಲೆಯ ಹುದ್ದೆ. ವರ್ಷದ ಯೋಜನೆ ಜಿಲ್ಲೆಯಲ್ಲಿ ತಯಾರಾಗಿ, ರಾಜ್ಯದಲ್ಲಿ ಒಟ್ಟುಗೂಡಿ, ದೆಹಲಿಗೆ ಹೋಗಿ, ಅಲ್ಲಿಂದ ಕತ್ತರಿಸಿಕೊಂಡು ವಾಪಸು ಬರುವುದನ್ನು ನೀವು ಕಣ್ಣಾರೆ ಕಾಣುತ್ತೀರಿ. ಪೋರ್ಟಲ್‌ನಲ್ಲಿ ನಮೂದಾಗದ ಕೆಲಸಕ್ಕೆ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಬರುವುದಿಲ್ಲ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಹಾಗೆ ಎಷ್ಟು ಕೆಲಸ ಬಿಟ್ಟುಹೋಗುತ್ತದೆ ಎಂಬುದನ್ನು ಜಿಲ್ಲಾ ಕಚೇರಿಯಲ್ಲಿ ಕೂತ ವ್ಯವಸ್ಥಾಪಕ ತಿಂಗಳ ಕೊನೆಗೆ ಎಣಿಸಿ ಹೇಳಬಲ್ಲ, ವಿಧಾನಸೌಧದಲ್ಲಿ ಕೂತವರು ಹೇಳಲಾರರು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತಾಗ ಅವರ ಬೇಡಿಕೆ ಬೆಂಗಳೂರಿನ ಅನೇಕರಿಗೆ ಹೊಸ ಸುದ್ದಿಯಂತೆ ಕಂಡಿತು. ಜಿಲ್ಲೆಗಳಲ್ಲಿ ಕೆಲಸ ಮಾಡಿದವರಿಗೆ ಅದು ಹಳೆಯ ಸಂಗತಿ.

ಗುತ್ತಿಗೆ ನೌಕರಿಯ ದೊಡ್ಡ ಅಪಾಯ ಸಂಬಳವಲ್ಲ, ಅಲ್ಲೇ ಉಳಿದುಬಿಡುವುದು. ಮೂರು ವರ್ಷ ಕಲಿಕೆ. ಐದು ವರ್ಷ ಅಭ್ಯಾಸ. ಎಂಟು ವರ್ಷವಾದರೆ ಎಲ್ಲ ಗೊತ್ತಿದ್ದೂ ಯಾರೂ ಕೇಳದ ‘ಹಳೆಯ ಕನ್ಸಲ್ಟೆಂಟ್’ ಆಗಿಬಿಡುತ್ತೀರಿ. ಮೂರನೆಯ ವರ್ಷಕ್ಕೆ ಮುಂದಿನ ಹೆಜ್ಜೆ ಯಾವುದು ಎಂದು ಬರೆದಿಟ್ಟುಕೊಂಡೇ ಒಳಗೆ ಹೋಗಿ.

ಎದುರು ಕುರ್ಚಿಯ ಕೆಲಸ

ಖಾಸಗಿ ಆಸ್ಪತ್ರೆ ಸಮೂಹಗಳು, ಔಷಧ ಮತ್ತು ವೈದ್ಯಕೀಯ ಉಪಕರಣ ಕಂಪನಿಗಳು, ವಿಮಾ ಸಂಸ್ಥೆಗಳು, ಇವುಗಳ ಒಕ್ಕೂಟಗಳು ಸರ್ಕಾರದೊಂದಿಗೆ ವ್ಯವಹರಿಸಲು ಜನರನ್ನು ಇಟ್ಟುಕೊಳ್ಳುತ್ತವೆ. ಸಂಬಳದಲ್ಲಿ ಈ ಬದಿ ಉಳಿದೆಲ್ಲಕ್ಕಿಂತ ಮೇಲೆ, ಅದರಲ್ಲಿ ಎರಡು ಮಾತಿಲ್ಲ.

ಇಲ್ಲಿ ನಡೆಯುವ ಕೆಲಸದ ಸ್ವರೂಪ ತಿಳಿಯಲು 2020ರ ಜೂನ್ ನೆನೆಯಿರಿ. ಕೋವಿಡ್ ರೋಗಿಗಳಿಗೆ ಖಾಸಗಿ ಆಸ್ಪತ್ರೆಗಳು ಎಷ್ಟು ವಸೂಲಿ ಮಾಡಬಹುದು ಎಂದು ಸರ್ಕಾರ ದರ ನಿಗದಿ ಮಾಡಿತು. ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ನೇರವಾಗಿ ಬಂದು ಕೈಯಿಂದ ಹಣ ಕಟ್ಟುವವರಿಗೆ 10,000. ಈ ಎರಡು ಅಂಕಿಗಳ ಹಿಂದೆ ಖಾಸಗಿ ಆಸ್ಪತ್ರೆಗಳ ಸಂಘದವರೊಂದಿಗೆ ಸರ್ಕಾರ ನಡೆಸಿದ ಚರ್ಚೆಯಿತ್ತು. ಪಿಪಿಇ ಕಿಟ್ಟಿನ ವೆಚ್ಚ ಎಷ್ಟು, ದಾದಿಯರ ಪಾಳಿ ಎಷ್ಟು, ಆಮ್ಲಜನಕಕ್ಕೆ ಎಷ್ಟು ಎಂಬ ಲೆಕ್ಕವನ್ನು ನಂಬಿಕೆ ಬರುವ ಹಾಗೆ ಮುಂದಿಡಬಲ್ಲವರೇ ಇಂಥ ಕಡೆ ಬೇಕಾಗುತ್ತಾರೆ. ಸಾಮಾನ್ಯ ದಿನಗಳಲ್ಲೂ ಇದೇ ಬಗೆಯ ಕೆಲಸ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರ, ಟ್ರಸ್ಟಿನಿಂದ ಬರಬೇಕಾದ ಬಾಕಿ, ಕೆಪಿಎಂಇ ನೋಂದಣಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಸರ್ಕಾರ ಹೇಳಿದಾಗ, ಒಂದು ಶಸ್ತ್ರಚಿಕಿತ್ಸೆಗೆ ಎಷ್ಟು ಕೊಡುತ್ತದೆ ಎಂಬುದರ ಮೇಲೆಯೇ ಯಾವ ಆಸ್ಪತ್ರೆ ಯೋಜನೆಯಲ್ಲಿ ಉಳಿಯುತ್ತದೆ, ಯಾವುದು ‘ಬೆಡ್ ಇಲ್ಲ’ ಎನ್ನುತ್ತದೆ ಎಂಬುದು ನಿಂತಿರುತ್ತದೆ. ಹಾಗಾಗಿ ಈ ಬದಿಯ ಕೆಲಸವೆಲ್ಲ ಲಾಭಕೋರತನ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ದರ ತೀರಾ ಕಡಿಮೆಯಿಟ್ಟರೆ ಅದರ ಪೆಟ್ಟು ಬೀಳುವುದು ಬಡ ರೋಗಿಗೇ.

ಔಷಧ ಮತ್ತು ಉಪಕರಣದವರದು ಬೇರೆ ಲೋಕ. ಅಲ್ಲಿ ಸರ್ಕಾರಿ ಖರೀದಿ ಕುರಿತ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಎಲ್ಲರೂ ಕೆಟಿಪಿಪಿ ಎನ್ನುವುದು, ಬಾಯಿಪಾಠವಾಗಿರಬೇಕು. ಟೆಂಡರ್ ಇಲ್ಲದೆ ಖರೀದಿಗೆ ವಿನಾಯಿತಿ ಕೊಡುವ 4(ಜಿ) ಎಂಬ ಎರಡಕ್ಷರದ ಸುತ್ತ ಎಷ್ಟು ಸದನ ಗದ್ದಲಗಳಾಗಿವೆಯೋ ಲೆಕ್ಕವಿಲ್ಲ. ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಖರೀದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಪ್ರಕರಣ ಸಾಕ್ಷಿ. ರಿಂಗರ್ ಲ್ಯಾಕ್ಟೇಟ್ ಎಂಬ ಸಾಮಾನ್ಯ ಡ್ರಿಪ್ಪಿನ ಗುಣಮಟ್ಟದ ಪ್ರಶ್ನೆ ಇಡೀ ಖರೀದಿ ವ್ಯವಸ್ಥೆಯನ್ನೇ ಕಟಕಟೆಗೆ ತಂದಿತು. ನೀವು ಮಾರುವ ಸಾಮಾನಿನ ಪ್ರಯೋಗಾಲಯ ವರದಿಯನ್ನು ನೀವೇ ಓದಿ ಅರ್ಥ ಮಾಡಿಕೊಳ್ಳಲಾರಿರಿ ಎಂದಾದರೆ ಈ ಕೆಲಸ ಬೇಡ.

ಸಂದರ್ಶನಕ್ಕೆ ಹೋದಾಗ ಒಂದು ವಿಷಯವನ್ನು ಖಚಿತ ಮಾಡಿಕೊಳ್ಳಿ. ಭೇಟಿಚೀಟಿಯಲ್ಲಿ ‘ಸರ್ಕಾರಿ ವ್ಯವಹಾರಗಳ ವ್ಯವಸ್ಥಾಪಕ’ ಎಂದಿದ್ದು, ಕೆಲಸ ಮಾತ್ರ ಪರವಾನಗಿ ನವೀಕರಣ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಗೆ ಅಲೆದಾಟ ಆಗಿರುವ ಕಡೆಗಳು ಸಾಕಷ್ಟಿವೆ. ಆ ಅಲೆದಾಟಕ್ಕೂ ಬೆಲೆಯಿದೆ, ಆದರೆ ಅದು ನೀತಿಯ ಕೆಲಸವಲ್ಲ. ನೀವು ಯಾರಿಗೆ ವರದಿ ಮಾಡಬೇಕು ಎಂದು ಕೇಳಿ. ಕಾನೂನು ವಿಭಾಗಕ್ಕೋ ಮುಖ್ಯ ಕಾರ್ಯನಿರ್ವಾಹಕರಿಗೋ ಎಂದರೆ ಪರವಾಗಿಲ್ಲ. ಮಾರಾಟ ವಿಭಾಗಕ್ಕೆ ಎಂದರೆ ಎರಡು ಸಲ ಯೋಚಿಸಿ. ‘ಇತರೆ ಖರ್ಚು’ ಎಂಬ ಶೀರ್ಷಿಕೆಯಡಿ ಏನೇನು ಬರುತ್ತದೆ ಎಂದು ಕೇಳಿದಾಗ ಎದುರಿನವರು ನಕ್ಕು ವಿಷಯ ಬದಲಿಸಿದರೆ ಎದ್ದು ಬನ್ನಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಕಂಪನಿಯೂ ಹೊಣೆ. ಆದರೆ ಲಕೋಟೆ ಹಿಡಿದು ಹೋಗುವವರು ಮಾಲೀಕರಲ್ಲ, ಮೂವತ್ತು ವರ್ಷದ ನೌಕರರು.

ಅಮೆರಿಕದಲ್ಲಿರುವ ಕನ್ನಡಿಗರಿಗೆ, ಅಲ್ಲಿನ ಕಂಪನಿಗಳ ಬೆಂಗಳೂರು ಕಚೇರಿಗೆ ಅರ್ಜಿ ಹಾಕುವವರಿಗೆ ಇಲ್ಲೊಂದು ಎಚ್ಚರಿಕೆ. ಅಲ್ಲಿ ರಾಜ್ಯದ ಶಾಸಕಾಂಗದ ಮುಂದೆ ಕಂಪನಿಯ ಪರ ವಾದಿಸುವವರು ಹೆಸರು ನೋಂದಾಯಿಸಿ, ಮಾಡಿದ ವೆಚ್ಚ ತೋರಿಸಬೇಕಾದ ಕಾನೂನುಗಳಿವೆ. ಬಡವರ ಮೆಡಿಕೇಡ್ ಯೋಜನೆಯನ್ನು ರಾಜ್ಯಗಳೇ ನಡೆಸುವುದರಿಂದ ಅಲ್ಲಿ ಈ ವೃತ್ತಿ ಬೇರೂರಿದೆ. ನಮ್ಮಲ್ಲಿ ಅಂಥ ನೋಂದಣಿ ಕಾನೂನೇ ಇಲ್ಲ. ಅಲ್ಲಿನ ಹುದ್ದೆಯ ವಿವರಣೆಯನ್ನು ಹಾಗೆಯೇ ನಂಬಿ ಇಲ್ಲಿ ಕೂತರೆ, ಮೊದಲ ವಾರವೇ ಗೊಂದಲ.

ಸಂಶೋಧನೆ, ಸಂಘಟನೆ

ಈ ಬದಿಗೆ ಕರ್ನಾಟಕದಲ್ಲಿ ಗಟ್ಟಿ ಪರಂಪರೆಯಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಾಗ ಭ್ರಷ್ಟಾಚಾರವನ್ನೂ ಆರೋಗ್ಯ ಕ್ಷೇತ್ರದ ಒಂದು ಕಾಯಿಲೆಯೆಂದೇ ಹೆಸರಿಸಿತು. ಆಮೇಲೆ ಅವರೇ ಲೋಕಾಯುಕ್ತದಲ್ಲಿ ಆರೋಗ್ಯ ಇಲಾಖೆಯ ಜಾಗೃತದಳದ ಹೊಣೆ ಹೊತ್ತರು. ಹೊರಗಿದ್ದು ದುಡಿದವರನ್ನು ಸರ್ಕಾರ ಒಳಗೆ ಕರೆದ ಉದಾಹರಣೆ ಇದು. ಎಲ್ಲರಿಗೂ ಹೀಗೆ ಕರೆ ಬರುವುದಿಲ್ಲ ಎಂಬುದೂ ನಿಜವೇ. ಇಂದು ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯದ ಸಂಸ್ಥೆ ಸೋಚಾರಾ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ನಾಗರಭಾವಿಯ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್ ಮೊದಲಾದ ಕಡೆ ಈ ಬಗೆಯ ಕೆಲಸ ಸಿಗುತ್ತದೆ.

ಇಲ್ಲಿನ ಗೆಲುವು ಹೇಗಿರುತ್ತದೆ ಎಂದು ತಿಳಿಯಲು ತಂಬಾಕಿನ ಕಾನೂನು ನೋಡಿ. ರಾಜ್ಯ 2024ರಲ್ಲಿ ತಂದ ತಿದ್ದುಪಡಿ ಹುಕ್ಕಾ ಬಾರ್ ನಿಷೇಧಿಸಿತು, ಖರೀದಿಯ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿ ಮಾಡಿತು. ಕೇಂದ್ರದ ಕಾಯ್ದೆಯನ್ನು ತಿದ್ದಿದ ಕಾರಣ ರಾಷ್ಟ್ರಪತಿಗಳ ಅಂಕಿತ ಬೇಕಾಗಿ, ಅದು ಬಂದದ್ದು 2025ರ ಮೇ ತಿಂಗಳಲ್ಲಿ. ಅದೇ ರಾಜ್ಯದ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ತಂಬಾಕೇ ವಾಣಿಜ್ಯ ಬೆಳೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಆರೋಗ್ಯದ ಅಂಕಿ ಮಾತ್ರ ಓದಿಕೊಂಡು ಸಭೆಗೆ ಹೋದ ಸಂಶೋಧಕನನ್ನು ಆ ಭಾಗದ ಶಾಸಕರು ಐದು ನಿಮಿಷದಲ್ಲಿ ಬಾಯಿ ಮುಚ್ಚಿಸುತ್ತಾರೆ. ಬೆಳೆಗಾರನಿಗೆ ಪರ್ಯಾಯವೇನು ಎಂಬ ಪ್ರಶ್ನೆಗೆ ಉತ್ತರ ತಂದವನ ಮಾತು ನಿಲ್ಲುತ್ತದೆ.

ಹಣದ ವಿಷಯದಲ್ಲಿ ಈ ಬದಿ ಈಗ ಬಿಗಿಯಾಗಿದೆ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಲ್ಲಿಸಿತು. ಸಣ್ಣ ಸಂಸ್ಥೆಗಳಲ್ಲಿ ನೀತಿಯ ಕೆಲಸಕ್ಕೇ ಎಂದು ಒಬ್ಬರನ್ನು ಇಟ್ಟುಕೊಳ್ಳುವುದು ಕಷ್ಟವಾಗಿದೆ. ಹುದ್ದೆಯ ಹಣ ಎಲ್ಲಿಂದ, ಎಷ್ಟು ಕಾಲಕ್ಕೆ ಎಂದು ಸೇರುವ ಮುನ್ನವೇ ಕೇಳುವುದರಲ್ಲಿ ನಾಚಿಕೆ ಬೇಡ.

ಶಾಸಕರ ಕಚೇರಿ ಎಂಬ ಐದನೆಯ ಬಾಗಿಲೂ ಒಂದಿದೆ. ಸಂಬಳ ಅನಿಶ್ಚಿತ, ಕೆಲಸ ಹೆಚ್ಚಾಗಿ ವರ್ಗಾವಣೆ ಪತ್ರ ಮತ್ತು ಮದುವೆ ಆಮಂತ್ರಣ. ಆದರೆ 224 ಶಾಸಕರಲ್ಲಿ ಆರೋಗ್ಯದ ಬಗ್ಗೆ ಆಸಕ್ತಿಯಿರುವ ಒಬ್ಬರು ಸಿಕ್ಕಿ, ಅವರಿಗೆ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದದ್ದು) ಬರೆದುಕೊಡುವ ಅವಕಾಶ ಬಂದರೆ ಒಂದು ಅಧಿವೇಶನದ ಮಟ್ಟಿಗಾದರೂ ಒಪ್ಪಿಕೊಳ್ಳಿ. ಇಡೀ ಇಲಾಖೆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಓಡಾಡುವುದನ್ನು ನೋಡಿದರೆ ಮಾಹಿತಿ ಎಲ್ಲಿ ಅಡಗಿರುತ್ತದೆ ಎಂಬುದು ಗೊತ್ತಾಗುತ್ತದೆ.

ಪದವಿ, ಭಾಷೆ

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಬೇಕೇ, ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯೇ ಎಂಬ ಪ್ರಶ್ನೆಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ನಿಮ್ಹಾನ್ಸ್, ಮಣಿಪಾಲ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಎಂಪಿಎಚ್ ಇದೆ. ನೀತಿಯ ಪದವಿ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 2014ರಿಂದ ಇದೆ. ವೈದ್ಯಕೀಯ ಹಿನ್ನೆಲೆಯಿಂದ ಬಂದವರಿಗೆ ನೀತಿಯ ಪದವಿ, ಬೇರೆ ಹಿನ್ನೆಲೆಯವರಿಗೆ ಎಂಪಿಎಚ್ ಎಂಬುದು ನನ್ನ ಸಲಹೆ. ಗೊತ್ತಿಲ್ಲದ್ದನ್ನು ಕಲಿಯಿರಿ, ಗೊತ್ತಿರುವುದಕ್ಕೆ ಇನ್ನೊಂದು ಪ್ರಮಾಣಪತ್ರ ಏಕೆ? ಅದೂ ಎರಡು ವರ್ಷ ಕೆಲಸ ಮಾಡಿದ ಮೇಲೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಕ್ಷೇತ್ರದಲ್ಲಿ ತಮ್ಮನ್ನು ತಾವೇ ಕಡಿಮೆ ಅಂದಾಜು ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಚೆಂದದ ಸ್ಲೈಡುಗಳನ್ನು ಮಾಡಬಲ್ಲ ನೀತಿ ಪದವೀಧರರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಶಾಖಾಧಿಕಾರಿ ತಿದ್ದದೆ ಮೇಲೆ ಕಳಿಸಬಹುದಾದ ಒಂದೂವರೆ ಪುಟದ ಕನ್ನಡ ಟಿಪ್ಪಣಿ ಬರೆಯಬಲ್ಲವರು ಬೆರಳೆಣಿಕೆ. ಕಡತದ ಭಾಷೆ ಕನ್ನಡ, ಪುರಾವೆಯ ಭಾಷೆ ಇಂಗ್ಲಿಷ್. ಎರಡರ ನಡುವೆ ಸಲೀಸಾಗಿ ಓಡಾಡಬಲ್ಲವರನ್ನು ಕಂಪನಿಯೂ ಬಿಡುವುದಿಲ್ಲ, ಇಲಾಖೆಯೂ ಬಿಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ವಯಸ್ಸು ಮೂವತ್ತರ ಒಳಗಿದ್ದು, ಮನೆಯ ಸಾಲದ ಹೊರೆ ಇಲ್ಲದಿದ್ದರೆ: ಜಿಲ್ಲೆಯ ಗುತ್ತಿಗೆ ಹುದ್ದೆ ಮೊದಲು, ಜೊತೆಗೆ ಕೆಪಿಎಸ್‌ಸಿಗೆ ಓದು, ಎರಡನ್ನೂ ಮೂರು ವರ್ಷಕ್ಕೆ ಮಾತ್ರ. ಸಾಲವಿದೆ, ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು ಎಂದಾದರೆ ಕಂಪನಿಯ ಕೆಲಸವನ್ನೇ ಆರಿಸಿಕೊಳ್ಳಿ. ಆದರೆ ಬಿಡಿ ಕಂಪನಿಗಿಂತ ಆಸ್ಪತ್ರೆಗಳ ಅಥವಾ ಉದ್ಯಮದ ಒಕ್ಕೂಟದಲ್ಲಿ ಸಿಕ್ಕರೆ ಒಳ್ಳೆಯದು. ಅಲ್ಲಿ ಒಂದು ಉತ್ಪನ್ನಕ್ಕಾಗಿ ಅಲ್ಲ, ಒಂದು ನಿಯಮಕ್ಕಾಗಿ ವಾದಿಸುತ್ತೀರಿ. ನೇರವಾಗಿ ಕಾಲೇಜಿನಿಂದ ಬಂದವರಿಗೆ ಮಾತ್ರ ಕಂಪನಿಯ ದಾರಿ ಬೇಡ ಎನ್ನುತ್ತೇನೆ. ಈ ಕೆಲಸದಲ್ಲಿ ಕಂಪನಿ ಕೊಳ್ಳುವುದು ನಿಮ್ಮ ಪರಿಚಯವನ್ನು ಮತ್ತು ನಿಮ್ಮ ಮಾತಿನ ಮೇಲೆ ಅಧಿಕಾರಿಗಳಿಗಿರುವ ನಂಬಿಕೆಯನ್ನು. ಅವೆರಡೂ ಇನ್ನೂ ಗಳಿಸದಿರುವಾಗ ನಿಮ್ಮ ಕೈಗೆ ಬರುವುದು ಅಲೆದಾಟ ಮಾತ್ರ.

ಒಂದು ಬದಿಯಿಂದ ಇನ್ನೊಂದಕ್ಕೆ ದಾಟುವುದು ಸಾಧ್ಯವೇ ಎಂದರೆ, ದಿಕ್ಕಿನ ಮೇಲೆ ಹೋಗುತ್ತದೆ. ಗುತ್ತಿಗೆಯಿಂದ ಕಂಪನಿಗೆ, ಸಂಘಟನೆಯಿಂದ ಗುತ್ತಿಗೆಗೆ ದಾರಿ ಅಗಲ. ಕಂಪನಿಯಿಂದ ಸಂಘಟನೆಗೆ ಹೋದವರನ್ನು ಮೊದಲ ಎರಡು ವರ್ಷ ಯಾರೂ ಪೂರ್ತಿ ನಂಬುವುದಿಲ್ಲ, ಆ ಅನುಮಾನಕ್ಕೆ ಕಾರಣವೂ ಇದೆ. ಖಾಯಂ ನೌಕರಿಯಿಂದ ಹೊರಬರುವವರು ಬಹುಪಾಲು ನಿವೃತ್ತಿಯ ನಂತರವೇ, ಆಸ್ಪತ್ರೆ ಸಮೂಹಗಳ ಸಲಹೆಗಾರರಾಗಿ.

ಕಾನೂನು ಪದವೀಧರರಿಗೆ ಕೊನೆಯದೊಂದು ಮಾತು, ಏಕೆಂದರೆ ಅವರು ತಮಗಿರುವ ಅನುಕೂಲವನ್ನು ಗಮನಿಸಿರುವುದಿಲ್ಲ. ಕಾಯ್ದೆ ಸದನದಲ್ಲಿ ಅಂಗೀಕಾರವಾದ ದಿನ ಎಲ್ಲರೂ ಮನೆಗೆ ಹೋಗುತ್ತಾರೆ. ಅದರ ನಿಯಮಾವಳಿ ರೂಪುಗೊಳ್ಳುವುದು ಆಮೇಲೆ. ಕರಡು ನಿಯಮಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆ ಕರೆದಾಗ ಬರುವ ಪತ್ರಗಳು ಎಷ್ಟೋ ಸಲ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು, ಅವೂ ಸಂಬಂಧಪಟ್ಟ ಉದ್ಯಮದವರವು. ಅಂಥ ಒಂದು ಕರಡನ್ನು ಹುಡುಕಿ, ನಿಯಮ ನಿಯಮವಾಗಿ ಓದಿ, ಎಲ್ಲಿ ಏನು ಬದಲಾಗಬೇಕು ಎಂದು ಕನ್ನಡದಲ್ಲಿ ನಾಲ್ಕು ಪುಟದ ಪತ್ರ ಬರೆದು ಅವಧಿಯೊಳಗೆ ಇಲಾಖೆಗೆ ಕಳಿಸಿ, ಸ್ವೀಕೃತಿ ಮುದ್ರೆ ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ. ಮೇಲಿನ ಯಾವ ಬದಿಯ ಸಂದರ್ಶನಕ್ಕೆ ಹೋದರೂ ಪ್ರಮಾಣಪತ್ರಗಳ ಕಡತಕ್ಕಿಂತ ಮೊದಲು ಮೇಜಿನ ಮೇಲಿಡಬೇಕಾದದ್ದು ಆ ಪ್ರತಿ.